ಪುಗ್ಗಾ, ಗುಮ್ಮಟ ಮತ್ತು ಎಂಬತ್ತು ಮಂದಿ

ನಮ್ಮ ಮನೆಯಲ್ಲಿ ಎಂಬತ್ತು ಮಂದಿ ವಾದ್ಯದವರಿದ್ದಾರೆ. ಪಿಟೀಲಿನವರೇ ಮೂವತ್ತು ಜನ. ಉಳಿದವರು ಕೊಳಲು, ಕಹಳೆ, ನಗಾರಿಯವರು. ಎಲ್ಲರೂ ಪಡಸಾಲೆ ಮೂಲೆಯ ಲ್ಯಾಪ್‌ಟಾಪಿನೊಳಗೆ ಹೊಂದಿಕೊಂಡಿದ್ದಾರೆ. ಚಹಾ ಕೇಳುವುದಿಲ್ಲ, ಪಗಾರ ಕೇಳುವುದಿಲ್ಲ. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎರಡು ವರ್ಷವಾಗಿದೆ. ಹಾಗಾಗಿ ಕರೆಂಟು ಹೋದಾಗ ಮಾತ್ರ ಎಂಬತ್ತೂ ಮಂದಿ ಒಟ್ಟಿಗೇ ಎದ್ದು ಹೋಗುತ್ತಾರೆ.

"ಎಂಬತ್ತು ಮಂದಿ ಅದಾರ ಅಂತೀರಿ. ಅದರಾಗ ಒಬ್ಬರರೆ ಗಿರಣಿಗೆ ಹೋಗಿ ಜ್ವಾಳಾ ಬೀಸಿಕೊಂಡು ಬರ್ತಾರೇನ್ರಿ?" ಅಂತ ಹೆಂಡತಿ ಕೇಳುತ್ತಾಳೆ. ಈ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ. ಡಬ್ಬಿ ಹಿಡಿದು ಗಿರಣಿಗೆ ಹೋಗುವವನು ನಾನೇ.

ನಾನು ವಿಜಯಪುರದ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಸಂಗೀತದ ಬಾಬತ್ತಿನಲ್ಲಿ ನನ್ನ ಬಂಡವಾಳ ಅಂದರೆ, ಸಣ್ಣವನಿದ್ದಾಗ ಶ್ರಾವಣದ ಭಜನೆಯಲ್ಲಿ ಅಜ್ಜನ ಪಕ್ಕ ಕೂತು ಪೇಟಿಯ ಬಾತೆ ಒತ್ತಿದ್ದು. ಈ ಸಲ ಗ್ಯಾದರಿಂಗಿನ, ಅಂದರೆ ಶಾಲೆಯ ವಾರ್ಷಿಕೋತ್ಸವದ, ಮೀಟಿಂಗಿನಲ್ಲಿ ಹೆಡ್‌ಮಾಸ್ತರು, "ಮಕ್ಕಳು ಸ್ಟೇಜಿಗೆ ನಡೆದು ಬರುವಾಗ ಸಿನಿಮಾ ಹಾಡು ಬೇಡ, ಬೇರೆ ಏನಾದರೂ ಗಂಭೀರವಾದದ್ದು ಬೇಕು" ಅಂದರು. ಯಾರೂ ಬಾಯಿ ಬಿಡಲಿಲ್ಲ. ನಾನು ಬಿಟ್ಟೆ.

ಲ್ಯಾಪ್‌ಟಾಪಿನಲ್ಲೇ ಸಂಗೀತ ಕಟ್ಟೋಣ ಅಂತ, ಪೇಟಿಯಂಥ ಮನೆಗಳಿರುವ, ಯುಎಸ್‌ಬಿ ವಯರಿನ ಸಣ್ಣ ಕೀಬೋರ್ಡ್ ತಂದೆ. ಮೊದಲ ದಿನವೇ ತಿಳಿದದ್ದು, ನಾನು ಮನೆ ಒತ್ತಿದರೆ ಸದ್ದು ಬರುವುದು ಸ್ವಲ್ಪ ತಡವಾಗಿ ಅಂತ. ದುಬೈನಲ್ಲಿರುವ ಭಾವನ ಜೊತೆ ಫೋನಿನಲ್ಲಿ ಮಾತಾಡಿದ ಹಾಗೆ. ಕೈ ಮುಂದೆ, ಕಿವಿ ಹಿಂದೆ. ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಲೆಕ್ಕ ಮಾಡುವ ಸದ್ದಿನ ಕಂತು, ಅದನ್ನು 1024ರಿಂದ 128ಕ್ಕೆ ಇಳಿಸಿದರೆ ಸರಿಹೋಗುತ್ತದೆ ಅಂತ ಓದಿ ಇಳಿಸಿದೆ. ತಡ ಹೋಯಿತು, ಅದರ ಜಾಗಕ್ಕೆ ಪಟಪಟ ಸದ್ದು ಬಂತು. ಬಿಸಿ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ. ಲ್ಯಾಪ್‌ಟಾಪಿಗೆ ಅಷ್ಟು ಅವಸರದಲ್ಲಿ ಲೆಕ್ಕ ಮಾಡಲು ಆಗುವುದಿಲ್ಲವಂತೆ. ನನ್ನ ಒಂಬತ್ತನೇ ಕ್ಲಾಸಿನವರ ಥರವೇ.

ಅವ್ವ ಪಕ್ಕದಲ್ಲಿ ಬತ್ತಿ ಹೊಸೆಯುತ್ತಾ ಕೂತಿದ್ದವಳು, "ಶಹನಾಯಿ ಹಾಕೋ ತಮ್ಮಾ, ಮಂಗಲ ಇರ್ತದ" ಅಂದಳು. ಶಹನಾಯಿ ಇತ್ತು. 1991ರಲ್ಲಿ ಜನರಲ್ ಮಿಡಿ ಅಂತ ಒಂದು ಪಟ್ಟಿ ಮಾಡಿ, ಯಾವ ಸದ್ದಿಗೆ ಯಾವ ನಂಬರು ಅಂತ 128 ಸದ್ದು ಬರೆದಿಟ್ಟಿದ್ದಾರೆ. ಸಿತಾರ್ 105, ಶಹನಾಯಿ 112. ಅದರಲ್ಲಿ ತಬಲಾ ಇಲ್ಲ, ವೀಣೆ ಇಲ್ಲ. ಆದರೆ 126ನೇದು ಹೆಲಿಕಾಪ್ಟರ್! ಯಾವ ಕಚೇರಿಗೆ ಹೆಲಿಕಾಪ್ಟರ್ ಪಕ್ಕವಾದ್ಯ ಬೇಕಾಗಿತ್ತೋ ನನಗಂತೂ ತಿಳಿಯಲಿಲ್ಲ.

112 ಅಂತ ಒತ್ತಿದೆ. ಟಿಣ್ ಟಿಣ್ ಅಂತ ಗಂಟೆ ಬಾರಿಸಿತು. "ಇದು ಐಸ್‌ಕ್ರೀಮಿನವಂದು" ಅಂದಳು ಅವ್ವ. ನನ್ನ ಕಿವಿಯೇ ಸರಿಯಿಲ್ಲ ಅಂದುಕೊಂಡು ಮುಂದಕ್ಕೆ ಹೋದೆ. ಕೊನೆಗೆ ಒಂದಿಷ್ಟು ಚಪ್ಪಾಳೆ ಇರಲಿ ಅಂತ ಪಟ್ಟಿ ನೋಡಿದೆ. ಚಪ್ಪಾಳೆ 127. ಚಪ್ಪಾಳೆ ಅಂದಮೇಲೆ ಜೋರಾಗಿರಬೇಕಲ್ವಾ, ಸ್ಪೀಕರಿನ ಸೌಂಡು ಪೂರ್ತಿ ತಿರುವಿ ಒತ್ತಿದೆ.

ಢಂ ಅಂತ ಗುಂಡು ಹಾರಿತು.

ಪಟ್ಟಿಯಲ್ಲಿ ಗುಂಡಿನ ಸದ್ದು 128. ಪಟ್ಟಿ ಮಾಡಿದವರು ಒಂದರಿಂದ ಎಣಿಸಿದ್ದರು, ನನ್ನ ಸಾಫ್ಟ್‌ವೇರ್ ಸೊನ್ನೆಯಿಂದ ಎಣಿಸುತ್ತಿತ್ತು. ಎಲ್ಲಾ ಒಂದೊಂದು ಮನೆ ಮುಂದೆ ಸರಿದಿತ್ತು. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಸೊನ್ನೆಯ ಮಹಿಮೆ ಹೇಳುತ್ತಾ ಬಂದವನಿಗೆ ಸೊನ್ನೆ ಈ ರೀತಿ ತಿರುಗಿಬಿತ್ತು. ಭೀಮಾ ತೀರದ ಜಿಲ್ಲೆ ನಮ್ಮದು, ಇಂಥ ಸದ್ದನ್ನು ಯಾರೂ ತಮಾಷೆ ಅಂದುಕೊಳ್ಳುವುದಿಲ್ಲ. ಎದುರು ಮನೆಯ ಕಾಕಾ ಬನಿಯನ್ನಿನಲ್ಲೇ ಕಟ್ಟೆಗೆ ಬಂದು, ಧ್ವನಿ ತಗ್ಗಿಸಿ ಕೇಳಿದರು: "ಮಾಸ್ತರ, ಯಾರಿಗೆ ಬಿತ್ತರಿ?"

ಆಮೇಲೆ ಆ ಪಟ್ಟಿಯ ಸಹವಾಸ ಬಿಟ್ಟೆ. ಲಂಡನ್ನಿನ ಬಿಬಿಸಿ ಸಿಂಫನಿ ಆರ್ಕೆಸ್ಟ್ರಾದವರನ್ನು ಮೈಡಾ ವೇಲ್ ಸ್ಟುಡಿಯೋದಲ್ಲಿ ಕೂರಿಸಿ, ಅವರು ನುಡಿಸಿದ ಸ್ವರಗಳನ್ನು ಬಿಡಿಬಿಡಿಯಾಗಿ ರೆಕಾರ್ಡ್ ಮಾಡಿದ ಸಾಫ್ಟ್‌ವೇರ್ ಇದೆ. ಅದರ ಸಣ್ಣ ಆವೃತ್ತಿ ಪುಕ್ಕಟೆ. ಎಂಬತ್ತು ಮಂದಿ ಮನೆಗೆ ಬಂದದ್ದು ಹಾಗೆ. ನನ್ನ ಮೊದಲ ರಾಗದಲ್ಲಿ ಕೊಳಲಿನವನು ಎರಡು ನಿಮಿಷ ಉಸಿರೇ ತೆಗೆದುಕೊಳ್ಳದೆ ಊದಿದ. ಪೇಟಿಯವನಿಗೆ ಉಸಿರಿನ ನೆನಪು ಎಲ್ಲಿಂದ ಬರಬೇಕು? ಜೀವಂತ ಮನುಷ್ಯನಾಗಿದ್ದರೆ ಸ್ಟೇಜಿನ ಮೇಲೆಯೇ ಪ್ರಾಣ ಬಿಡುತ್ತಿದ್ದ.

ಎಲ್ಲಾ ಸರಿಯಾಯಿತು ಅನ್ನುವಾಗ ನನಗೊಂದು ಹುಳ ಹೊಕ್ಕಿತು. ಈ ವಾದ್ಯಗಳ ಹಿಂದೆ ಕೇಳುವ ಗುಂಗು, ಅಂದರೆ ರಿವರ್ಬ್, ಲಂಡನ್ನಿನದು. ನಮ್ಮ ಊರಿನದು ಯಾಕಲ್ಲ? ಎರಡನೇ ಇಬ್ರಾಹಿಂ ಆದಿಲ್ ಶಾಹ ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟು ಮುದ್ದು ಮಾಡಿದ ಊರು ಇದು. ಅವನ ಮಗ ಮುಹಮ್ಮದ್ ಆದಿಲ್ ಶಾಹನ ಗೋರಿಯೇ 1656ರಲ್ಲಿ ಮುಗಿದ ಗೋಳಗುಮ್ಮಟ. ಅಪ್ಪ ಸಂಗೀತ ಮಾಡಿದ, ಮಗ ರಿವರ್ಬ್ ಮಾಡಿದ. ಇಂಥದ್ದನ್ನು ಊರಲ್ಲೇ ಇಟ್ಟುಕೊಂಡು ಲಂಡನ್ನಿನ ಗುಂಗು ಯಾಕೆ ಎರವಲು?

ಅದಕ್ಕೊಂದು ವಿದ್ಯೆ ಇದೆ. ಒಂದು ಜಾಗದಲ್ಲಿ ಪುಗ್ಗಾ ಒಡೆದು, ಆ ಸದ್ದು ಅಲ್ಲಿ ಹೇಗೆ ಮೊಳಗಿ ಹೇಗೆ ಸಾಯುತ್ತದೆ ಅಂತ ರೆಕಾರ್ಡ್ ಮಾಡಿಕೊಳ್ಳಬೇಕು. ಆ ರೆಕಾರ್ಡಿಂಗನ್ನು ಕಂಪ್ಯೂಟರಿಗೆ ಕೊಟ್ಟರೆ, ಯಾವ ವಾದ್ಯವನ್ನಾದರೂ ಆ ಜಾಗದಲ್ಲೇ ಕೂರಿಸಿ ನುಡಿಸಿದ ಹಾಗೆ ಕೇಳಿಸುತ್ತದೆ. ಕನ್ವಲ್ಯೂಷನ್ ಅಂತಾರೆ. ಗಣಿತವೇ.

ಭಾನುವಾರ ಬೆಳಗ್ಗೆ ಬೇಗ ಎದ್ದು, ಜೇಬಿನಲ್ಲಿ ಮೂರು ಪುಗ್ಗಾ ಇಟ್ಟುಕೊಂಡು ಹೋದೆ. ಮೂಲೆಯ ಮಿನಾರಿನ ಇಕ್ಕಟ್ಟು ಮೆಟ್ಟಿಲು ಹತ್ತಿ ಮೇಲಿನ ಗ್ಯಾಲರಿಗೆ ಬಂದಾಗ ನನ್ನ ಏದುಸಿರೇ ಸುತ್ತು ಹಾಕಿ ಬಂದು ನನಗೆ ಕೇಳಿಸಿತು. ಮೊದಲನೇ ಪುಗ್ಗಾ ಊದುವಾಗಲೇ ಒಡೆಯಿತು, ಫೋನು ಇನ್ನೂ ಜೇಬಿನಲ್ಲಿತ್ತು. ಎರಡನೆಯದನ್ನು ಊದಿ, ಫೋನನ್ನು ಕಟ್ಟೆಯ ಮೇಲಿಟ್ಟು, ರೆಕಾರ್ಡ್ ಒತ್ತಿ, ಸೂಜಿ ಚುಚ್ಚಿದೆ. ಗುಮ್ಮಟ ಗುಡುಗಿತು. ಮೈಮೇಲಿನ ಕೂದಲು ಎದ್ದು ನಿಂತವು. ಆ ಗುಡುಗು ಇನ್ನೂ ಉರುಳುತ್ತಿರುವಾಗ, ಟ್ರಿಪ್ಪಿಗೆ ಬಂದ ಯಾವುದೋ ಶಾಲೆಯ ಹುಡುಗನೊಬ್ಬ ಬಾಗಿಲಿನಿಂದ ತಲೆ ಹಾಕಿ ಕೂಗಿದ: "ಲೇ ಮಲ್ಯಾ!"

ಮಲ್ಯಾ, ಮಲ್ಯಾ, ಲ್ಯಾ, ಲ್ಯಾ, ಯಾ... ಗುಮ್ಮಟ ತನ್ನ ಕೆಲಸ ಮಾಡಿತು.

ಸದ್ದಿಗೆ ವಾಚ್‌ಮನ್ ಬಂದರು. ನನ್ನ ಕೈಯಲ್ಲಿ ಹರಿದ ಪುಗ್ಗಾ. "ಯಾರ ಬರ್ತ್‌ಡೇರಿ ಸರ?"

ಕನ್ವಲ್ಯೂಷನ್ ವಿವರಿಸುವ ಧೈರ್ಯ ಬರಲಿಲ್ಲ. "ನಂದರಿ" ಅಂದೆ. ಅವರು ಮನಸಾರೆ ಹ್ಯಾಪಿ ಬರ್ತ್‌ಡೇ ಅಂದರು. ಗುಮ್ಮಟವೂ ಏಳು ಸಲ ಅಂದಿತು. ಮೂರನೇ ಪುಗ್ಗಾ ಅವರ ಮಗಳಿಗೆ ಕೊಟ್ಟು ಇಳಿದು ಬಂದೆ.

ಮನೆಗೆ ಬಂದು ಅದೇ ರೆಕಾರ್ಡಿಂಗ್ ಹಾಕಿದೆ. ಇಲ್ಲೇ ನಾನು ಎಡವಿದ್ದು. ಯಾವುದು ಪುಗ್ಗಾ, ಯಾವುದು ಹುಡುಗ ಅಂತ ಕಂಪ್ಯೂಟರಿಗೆ ಗೊತ್ತಿಲ್ಲ. ಯಾವ ಸದ್ದು ಮಾಡಿದರೂ ಎರಡು ಸೆಕೆಂಡ್ ಬಿಟ್ಟು "ಲೇ ಮಲ್ಯಾ" ಅನ್ನುವುದೇ ಈ ಕಟ್ಟಡದ ಸ್ವಭಾವ ಅಂತ ಅದು ತಿಳಿದುಕೊಂಡಿತು. ಪಿಟೀಲಿನ ಉದ್ದನೆಯ ಎಳೆತದಲ್ಲಿ ಅದು ಗೊತ್ತಾಗಲಿಲ್ಲ. ಮಲ್ಯಾ ತುಪ್ಪದ ಹಾಗೆ ಕರಗಿಹೋಗಿದ್ದ. ಒಂದು ನಿಮಿಷ ಹೆಡ್‌ಫೋನಿನಲ್ಲಿ ಕೇಳಿ, ಕಣ್ಣು ಒದ್ದೆ ಮಾಡಿಕೊಂಡು, ಪೆನ್‌ಡ್ರೈವಿಗೆ ಹಾಕಿದೆ. ಮುಂದೆ ಎರಡನೇ ನಿಮಿಷದಲ್ಲಿ ವುಡ್‌ಬ್ಲಾಕ್ ಅನ್ನುವ ಕಟ್ಟಿಗೆ ವಾದ್ಯ ನಾಲ್ಕು ಸಲ ಬಿಡಿಬಿಡಿಯಾಗಿ ಟಕ್ ಅನ್ನುತ್ತದೆ. ಅದನ್ನು ಕೇಳಲಿಲ್ಲ. ಸದ್ದು ಬೇಗ ಮುಗಿದಷ್ಟೂ ಅದರ ಬೆನ್ನಿಗೆ ಬರುವುದು ಸ್ಪಷ್ಟವಾಗಿರುತ್ತದೆ. ಇದೂ ಗಣಿತವೇ.

ಗ್ಯಾದರಿಂಗ್ ದಿನ ಸೌಂಡಿನವನು ಆಳೆತ್ತರದ ಎರಡು ಬಾಕ್ಸ್ ನಿಲ್ಲಿಸಿದ್ದ. ಪಾಲಕರು ಕೂತಿದ್ದರು, ಅವ್ವ ಮುಂದಿನ ಸಾಲಿನಲ್ಲಿದ್ದಳು. ಪಿಟೀಲು ಎದ್ದಿತು. ಬಿಳಿ ಡ್ರೆಸ್ಸಿನ ನಲವತ್ತು ಮಕ್ಕಳು ಹೆಜ್ಜೆ ಹಾಕುತ್ತಾ ಬಂದರು. "ತಪ್ಪಿದರೆ ಗಾಬರಿ ಆಗಬೇಡಿ, ಮುಂದಿನವನನ್ನು ನೋಡಿ ನಡೆಯಿರಿ" ಅಂತ ನಾನೇ ಹೇಳಿಕೊಟ್ಟಿದ್ದೆ. ಸಾಲಿನ ಮುಂದೆ ಎಂಟನೇ ಬಿ ಸೆಕ್ಷನ್ನಿನ ಮಲ್ಲಿಕಾರ್ಜುನ. ಎತ್ತರ ಇದ್ದಾನೆ ಅಂತ ಅವನನ್ನು ಮುಂದೆ ನಿಲ್ಲಿಸಿದ್ದೂ ನಾನೇ.

ಟಕ್. ಲೇ ಮಲ್ಯಾ!

ಹುಡುಗ ಬಲಕ್ಕೆ ನೋಡಿದ.

ಟಕ್. ಲೇ ಮಲ್ಯಾ!

ಎಡಕ್ಕೆ ನೋಡಿದ. ಮೂರನೆಯದಕ್ಕೆ ನಿಂತ. ನಾಲ್ಕನೆಯದಕ್ಕೆ ತಡೆಯಲಾಗದೆ ಸ್ಟೇಜಿನ ಮೆಟ್ಟಿಲಿಳಿದು ನೇರ ನನ್ನ ಹತ್ತಿರ ಬಂದು ಕೈ ಕಟ್ಟಿ ನಿಂತ. "ಯಾರ್ರಿ ಸರ ನನ್ನ ಕರ್ಯಾಕತ್ತವರು?"

ಉಳಿದ ಮೂವತ್ತೊಂಬತ್ತು ಮಕ್ಕಳು, ಹೇಳಿಕೊಟ್ಟ ಹಾಗೆಯೇ, ಮುಂದಿನವನನ್ನು ನೋಡಿಕೊಂಡು ಒಬ್ಬರ ಹಿಂದೆ ಒಬ್ಬರು ಮೆಟ್ಟಿಲಿಳಿದು ಬರುತ್ತಿದ್ದರು. ಸ್ಟೇಜು ಖಾಲಿ. ಪಿಟೀಲಿನ ಮೂವತ್ತು ಮಂದಿ ಮಾತ್ರ ಒಂದು ಸ್ವರವೂ ತಪ್ಪದೆ ನುಡಿಸುತ್ತಿದ್ದರು.