ಅಡ್ಡಿ ಹೆದರಿಕೆಯದ್ದಲ್ಲ, ಹಳೇ ಫೈಲುಗಳದ್ದು

ಕೆಲಸದ ಜಾಗದಲ್ಲಿ ಎಐ ಬಳಕೆಗೆ ದೊಡ್ಡ ಅಡ್ಡಿ ನೌಕರರ ಹೆದರಿಕೆ ಅಂತ ಒಂದು ಲೇಖನದಲ್ಲಿ ಓದಿದೆ. ನಾನು ಒಪ್ಪುವುದಿಲ್ಲ. ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ 16 ವರ್ಷದಿಂದ ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪುಟ ಕಟ್ಟುವ ಕೆಲಸ) ಮಾಡುತ್ತಿದ್ದೇನೆ. ನಮ್ಮಲ್ಲಿ ಯಾರೂ ಹೆದರಿಲ್ಲ, ಮಾಲೀಕರೇ ಚಾಟ್‌ಜಿಪಿಟಿ ಹಾಕಿಕೊಟ್ಟಿದ್ದಾರೆ. ಆದರೆ ನಮ್ಮ ಹಳೇ ಫೈಲೆಲ್ಲ ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಆಸ್ಕಿ ಫಾಂಟಿನಲ್ಲಿವೆ, ಅಂದರೆ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಮೇಲೆ ಮಾತ್ರ ಕನ್ನಡದ ರೂಪ. ಕನ್ನಡಕ್ಕೆ ತನ್ನದೇ ಸಂಕೇತ ಇರುವ ಯೂನಿಕೋಡ್ ಅಲ್ಲ. ಪರದೆ ಮೇಲೆ ಚೆಂದದ ಕನ್ನಡ. ಕಾಪಿ ಮಾಡಿ ಎಐಗೆ ಹಾಕಿದರೆ ಅದಕ್ಕೆ ಕಾಣುವುದು ತಲೆಬುಡ ಇಲ್ಲದ ಇಂಗ್ಲಿಷ್ ಅಕ್ಷರ. ಆಸ್ಕಿಯನ್ನು ಯೂನಿಕೋಡ್ ಮಾಡುವ ಕನ್ವರ್ಟರ್ ಇದೆ ನಿಜ. ಆದರೆ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಟ್ಟಿರುತ್ತವೆ, ಮತ್ತೆ ಕೂತು ತಿದ್ದಬೇಕು. ಸಮಯ ಉಳಿದದ್ದೆಲ್ಲಿ?

ಇನ್ನೊಂದು. ಹೋದ ಮದುವೆ ಸೀಸನ್ನಿನಲ್ಲಿ ಒಂದು ಲಗ್ನಪತ್ರಿಕೆಯ ಕಾಗುಣಿತ ನೋಡಲು ಎಐಗೆ ಕೊಟ್ಟೆ. ಊರಿನ ಹೆಸರು ‘ಹುಲಕೋಟಿ’ ಅಂತ ಸರಿಯಾಗೇ ಇತ್ತು. ಅದನ್ನು ಸುಮ್ನೆ ‘ಹುಲಿಕೋಟೆ’ ಮಾಡಿಟ್ಟಿತು, ಕೇಳದೇನೇ! ಅಚ್ಚಿನ ಪ್ಲೇಟ್ ಮಾಡುವ ಮೊದಲು ನನ್ನ ಕಣ್ಣಿಗೆ ಬಿತ್ತು, ಪುಣ್ಯ. 500 ಪತ್ರಿಕೆ ಅಚ್ಚಾಗಿದ್ದರೆ ಆ ಮನೆಯವರಿಗೆ ಉತ್ತರ ಕೊಡಬೇಕಾದವನು ನಾನು ಅಲ್ವಾ? ತಪ್ಪಾದರೆ ಯಾರ ತಲೆಗೆ ಬರುತ್ತದೆ ಅನ್ನುವುದನ್ನು ಲೇಖಕರು ಮುಟ್ಟಿಯೇ ಇಲ್ಲ.