ಎಡಗಡೆಯಿಂದ ಮೂರನೇ ಮರ

ಏಪ್ರಿಲ್ 10ಕ್ಕೆ ರಿಸಲ್ಟ್. ಮಾರನೇ ದಿನ ಮನೆಯೇ ಮೈದಾನ. ಅದರ ಮಾರನೇ ದಿನ ನಮ್ಮ ಮನೆಯವರು, ‘ಯಾವ್ದಾದ್ರೂ ಶಿಬಿರಕ್ಕೆ ಸೇರಿಸ್ಬಿಡೇ’ ಎನ್ನುತ್ತಾರೆ.

ಮೈಸೂರಿನಲ್ಲಿ ಬೇಸಿಗೆ ಶಿಬಿರಕ್ಕೆ ಬರವಿಲ್ಲ. ಈಜು, ಚೆಸ್, ಚಿತ್ರಕಲೆ, ಮೃಗಾಲಯದಲ್ಲೂ ಒಂದು. ನನಗೆ ಮಾತ್ರ ಶಿಬಿರವೆಂದರೆ ನಾಟಕದ್ದೇ. ರಂಗಾಯಣದಂಥ ನಾಟಕ ಸಂಸ್ಥೆ ಇರುವ ಊರಲ್ವಾ! 1989ರಲ್ಲಿ ಅದು ಶುರುವಾದಾಗ ಬಿ.ವಿ. ಕಾರಂತರು ಮೊದಲ ನಿರ್ದೇಶಕರು. ಕಲಾಮಂದಿರದ ಆವರಣದಲ್ಲಿ ಅವರು ಕಟ್ಟಿದ ಆ ಮನೆಯ ಮಕ್ಕಳ ಶಿಬಿರ ‘ಚಿಣ್ಣರ ಮೇಳ’ ಈಗ ಮಾವಿನಹಣ್ಣಿನ ಹಾಗೆ, ಬೇಸಿಗೆಗೆ ಬರಲೇಬೇಕು. ಕಾರಂತರು ಹುಡುಗರಾಗಿದ್ದಾಗ ಮನೆ ಬಿಟ್ಟು ಓಡಿಹೋಗಿ ಗುಬ್ಬಿ ನಾಟಕ ಕಂಪನಿ ಸೇರಿದವರು. ಈಗ ಯಾರೂ ಓಡಿಹೋಗಬೇಕಿಲ್ಲ. ಅಪ್ಪಂದಿರೇ ಫಾರಂ ತುಂಬಿ, ಸ್ಕೂಟರಿನಲ್ಲಿ ತಂದು ಬಿಟ್ಟುಹೋಗುತ್ತಾರೆ.

ನಾಟಕದ ಶಿಬಿರಗಳಲ್ಲಿ ಒಂದು ಪೇಚಿದೆ. ಕಥೆಯಲ್ಲಿ ಪಾತ್ರ 10, ಮಕ್ಕಳು 30. ಯಾರನ್ನೂ ಬಿಡುವಂತಿಲ್ಲ. ಕೊನೇ ದಿನ ಎಲ್ಲರ ಅಜ್ಜಿಯೂ ಬಂದಿರುತ್ತಾರೆ. ಹಾಗಾಗಿ ಊರಿನ ಪಕ್ಕ ಸುಮ್ನೆ ಒಂದು ಕಾಡು ಬೆಳೆಯುತ್ತದೆ. ಹೊಳೆ ಹರಿಯುತ್ತದೆ. ರಾಜನಿಗೆ ನಾಲ್ಕು ಜನ ಮಂತ್ರಿಗಳಾಗುತ್ತಾರೆ, ನಾಲ್ವರೂ ‘ಅಪ್ಪಣೆ ಪ್ರಭು’ ಎಂದಷ್ಟೇ ಹೇಳಿ ಹೋಗುತ್ತಾರೆ.

ಮೂರನೇ ಕ್ಲಾಸಿನ ರಜೆಯಲ್ಲಿ ನಾನೂ ಒಂದು ಶಿಬಿರದಲ್ಲಿ ಮರವಾಗಿದ್ದೆ. ಎಡಗಡೆಯಿಂದ ಮೂರನೆಯದು. ಮೈದಾ ಗೋಂದಿನಲ್ಲಿ ಅಂಟಿಸಿದ ರಟ್ಟಿನ ಎಲೆಗಳು. ಬಿರುಗಾಳಿ ಬಂದಾಗ ಬಾಗಬೇಕು, ಅಷ್ಟೇ. ಅದಕ್ಕೇ ಹದಿನೈದು ದಿನ ತಾಲೀಮು. ನಾಟಕದ ದಿನ ಗಾಳಿಗಿಂತ ಮೊದಲು ಸೊಳ್ಳೆ ಬಂತು. ಮೂಗಿನ ಮೇಲೇ ಕೂತಿತು. ಮರ ಸೊಳ್ಳೆ ಹೊಡೆಯಬಹುದೇ? ಮೇಷ್ಟ್ರು ಇದನ್ನು ಹೇಳಿಕೊಟ್ಟಿರಲಿಲ್ಲ. ಪಟ್ಟನೆ ಹೊಡೆದೆ. ಜನ ಗೊಳ್ಳೆಂದು ನಕ್ಕರು. ಅಳುತ್ತಾ ಇಳಿದು ಬಂದವಳನ್ನು ಮಂಡ್ಯದಿಂದ ಬಂದಿದ್ದ ಅಜ್ಜಿ ತಬ್ಬಿಕೊಂಡು, ‘ಮಿಕ್ಕಿದ್ ಮರ್ಗೊಳೆಲ್ಲ ಒಣಗೋಗಿದ್ದೊ ಕಣವ್ವ, ನಿಂದೊಂದೇ ಹಸೀದು’ ಎಂದಿತು. ನನ್ನ ನಟನೆಗೆ ಬಂದ ಒಂದೇ ವಿಮರ್ಶೆ ಅದು.

ನಿನ್ನೆ ಮಗಳು ಶಿಬಿರದಿಂದ ಕುಣಿಯುತ್ತಾ ಬಂದಳು. ಪಾತ್ರ ಸಿಕ್ಕಿದೆಯಂತೆ.

‘ಏನು ಪುಟ್ಟಿ?’

‘ಮಳೆ ಅಮ್ಮಾ!’

ಒಟ್ಟು ಎಂಟು ಜನ ಮಳೆ. ಇವಳು ಆರನೇ ಹನಿ. ಮಾತೂ ಇದೆ: ‘ಟಪ್’. ಬೆಳಗ್ಗೆಯಿಂದ ಒಂದೊಂದು ಸಲ ಒಂದೊಂದು ಥರ ಹೇಳಿ ನೋಡುತ್ತಿದ್ದಾಳೆ. ಈಗಷ್ಟೇ ನಮ್ಮ ಮನೆಯವರು ಪೇಪರ್ ಮಡಚಿಟ್ಟು, ಬಚ್ಚಲಿಗೆ ಹೋಗಿ ನಲ್ಲಿ ಬಿಗಿ ಮಾಡಿ ಬಂದರು.