ಆವರ್ ನಿಜಕ್ಕೂ ಹೇಳಿದ್ದೇನು?

ರಷ್ಯಾದ ಸಂಗೀತ ರಚನೆಕಾರ ಚೈಕೋವ್ಸ್ಕಿಯ ಪಿಟೀಲು ಕನ್ಚೆರ್ಟೊ (ಪಿಟೀಲು ಮತ್ತು ವಾದ್ಯವೃಂದಕ್ಕಾಗಿ ಬರೆದ ಕೃತಿ) ಬಗ್ಗೆ ಒಂದು ಮಾತು ಎಲ್ಲ ಕಡೆ ಓಡಾಡುತ್ತಿದೆ. ಪಿಟೀಲುವಾದಕ ಲಿಯೊಪೋಲ್ಡ್ ಆವರ್ ಅದನ್ನು ನೋಡಿ "ಇದನ್ನು ನುಡಿಸೋಕೇ ಆಗಲ್ಲ" ಅಂದರಂತೆ, ಅವರ ಕೈಲಿ ಆಗದೆ ಬಿಟ್ಟರಂತೆ. ಇದು ಅರ್ಧ ಸತ್ಯ ಮಾತ್ರ.

ಚೈಕೋವ್ಸ್ಕಿ ಇದನ್ನು 1878ರಲ್ಲಿ ಸ್ವಿಟ್ಜರ್ಲೆಂಡಿನ ಕ್ಲಾರೆನ್ಸ್‌ನಲ್ಲಿ ಬರೆದು ಆವರ್‌ಗೇ ಅರ್ಪಿಸಿದ್ದರು. ಆವರ್ ನುಡಿಸಲಿಲ್ಲ, ಅದು ನಿಜ. ಕೊನೆಗೆ 1881ರ ಡಿಸೆಂಬರ್ 4ರಂದು ವಿಯೆನ್ನಾದಲ್ಲಿ ಮೊದಲು ನುಡಿಸಿದ್ದು ಅಡಾಲ್ಫ್ ಬ್ರಾಡ್‌ಸ್ಕಿ. ಅರ್ಪಣೆಯೂ ಅವರ ಹೆಸರಿಗೇ ಹೋಯಿತು. "ಆಗಲ್ಲ ಅಂದರು" ಅನ್ನೋ ಮಾತನ್ನು ನೋವಿನಿಂದ ಬರೆದಿಟ್ಟವರು ಸ್ವತಃ ಚೈಕೋವ್ಸ್ಕಿ, ಹಾಗಾಗಿ ಅದು ಸುಮ್ನೆ ಹುಟ್ಟಿದ್ದೂ ಅಲ್ಲ.

ಆದರೆ 1912ರಲ್ಲಿ ಆವರ್ ತಾವೇ ಇದನ್ನು ತಿದ್ದಿದ್ದಾರೆ: ನುಡಿಸಲು ಅಸಾಧ್ಯ ಅಂತ ತಾವು ಹೇಳಲಿಲ್ಲ, ಕೆಲವು ಜಾಗಗಳು ಪಿಟೀಲಿನ ಗುಣಕ್ಕೆ ಒಗ್ಗುವುದಿಲ್ಲ, ಎಷ್ಟೇ ಚೆನ್ನಾಗಿ ನುಡಿಸಿದರೂ ರಚನೆಕಾರರು ಅಂದುಕೊಂಡ ಹಾಗೆ ಕೇಳಿಸುವುದಿಲ್ಲ ಅನ್ನೋದು ಅವರ ವಾದ. ನನಗೆ ಈ ವಾದ ಒಪ್ಪಿಗೆ ಇಲ್ಲ, ಆದರೂ ಅದು ಕೈಲಾಗದವರ ಮಾತಂತೂ ಅಲ್ಲ, ಅಲ್ವಾ?

ಮುಂದೆ ಅವರೇ ಸೋಲೋ ಭಾಗವನ್ನು (ಪಿಟೀಲು ಒಂಟಿಯಾಗಿ ಮುಂದೆ ನಿಂತು ನುಡಿಸುವ ಭಾಗ) ತಿದ್ದಿ ನುಡಿಸಿದರು, ಶಿಷ್ಯರಿಗೂ ಕಲಿಸಿದರು. ಹೆಸರಾಂತ ಪಿಟೀಲುವಾದಕ ಯಾಶಾ ಹೈಫೆಟ್ಸ್ ಆವರ್ ಅವರ ಶಿಷ್ಯ. ಹೈಫೆಟ್ಸ್ ರೆಕಾರ್ಡಿಂಗ್ ಹಾಕಿ, ಕೊನೆಯ ಭಾಗವನ್ನು ಸ್ವರಲಿಪಿ ಹಿಡಿದು ಕೇಳಿ. ಒಂದೇ ಪುಟ್ಟ ಸಾಲು ಮತ್ತೆ ಮತ್ತೆ ಬರುವ ಕಡೆ ಕೆಲವು ಸಾಲುಗಳು ಮಾಯವಾಗಿರುತ್ತವೆ. ಆ ಕತ್ತರಿ ಆವರ್ ಅವರದ್ದೇ.